ಒಂದು ಸಾಲು ಅಳಿಸುವ ಮುನ್ನ

ಹೊಸದಾಗಿ ಸೇರಿಸಿದ ಸಾಲಿನ ಕೊನೆಯಲ್ಲಿ ಉಳಿದುಹೋದ ಒಂದೇ ಒಂದು ಸ್ಪೇಸ್ ನನ್ನ ಬೆಳಗಿನ ನೆಮ್ಮದಿಯನ್ನು ಕದಡಬಲ್ಲದು. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಕಂಪೈಲರ್‌ಗೆ ಅದರ ಪರಿವೆಯೇ ಇಲ್ಲ, ಸುಮ್ಮನೆ ದಾಟಿಹೋಗುತ್ತದೆ. ಆದರೆ ಗಿಟ್‌ನಲ್ಲಿ ತಿದ್ದುಪಡಿಯನ್ನು ತೆರೆದರೆ ಸಾಕು, ಆ ಖಾಲಿ ಜಾಗ ಕೆಂಪಗೆ ಎದ್ದು ನಿಲ್ಲುತ್ತದೆ. ಆಮೇಲೆ ಕಣ್ಣು ಉಳಿದ ಸಾಲುಗಳತ್ತ ಹೊರಳಲು ಒಪ್ಪುವುದಿಲ್ಲ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಒಂದೆರಡು ಪ್ಯಾಚ್, ಅಂದರೆ ಯಾರೋ ಕಳಿಸಿದ ತಿದ್ದುಪಡಿ, ನೋಡಿಬಿಡೋಣ ಎಂದು ಕೂತವನು ಆ ಕೆಂಪು ಚುಕ್ಕೆಯನ್ನೇ ನೋಡುತ್ತಿರುತ್ತೇನೆ.

ನಾನು ನೋಡುವುದು ಲಿನಕ್ಸ್ ಕರ್ನಲ್‌ನ ಡಿವೈಸ್ ಡ್ರೈವರ್‌ಗಳಿಗೆ ಬರುವ ಸಣ್ಣಪುಟ್ಟ ಕ್ಲೀನಪ್ ಪ್ಯಾಚ್‌ಗಳನ್ನು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ, ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಆ ಕರ್ನಲ್ ಇವತ್ತು ನಮ್ಮ ಆಂಡ್ರಾಯ್ಡ್ ಫೋನುಗಳಲ್ಲಿದೆ, ಮನೆಯ ಮೂಲೆಯ ವೈಫೈ ರೂಟರಿನಲ್ಲಿದೆ, ಪ್ರಪಂಚದ ಬಹುಪಾಲು ಸರ್ವರ್‌ಗಳಲ್ಲಿದೆ. ಮೂರು ಕೋಟಿಗೂ ಮಿಕ್ಕಿದ ಅದರ ಸಾಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡ್ರೈವರ್‌ಗಳದ್ದೇ. ಒಂದು ವೈಫೈ ಚಿಪ್ಪಿನ ಜೊತೆ, ಒಂದು ಟಚ್‌ಸ್ಕ್ರೀನಿನ ಜೊತೆ, ಒಂದು ತಾಪಮಾಪಕದ ಜೊತೆ ಕರ್ನಲ್ ಮಾತಾಡಬೇಕಾದರೆ ಆ ಒಂದೊಂದರ ರೀತಿ ರಿವಾಜು ಬಲ್ಲ ಡ್ರೈವರ್ ಬೇಕು. ಅದನ್ನು ಬರೆಯುವವರು ಚಿಪ್ ಕಂಪನಿಯವರಿರಬಹುದು, ರಾತ್ರಿ ನಿದ್ದೆಗೆಟ್ಟು ತನ್ನ ಲ್ಯಾಪ್‌ಟಾಪಿನ ವೈಫೈ ಕೆಲಸ ಮಾಡುವಂತೆ ಮಾಡಿಕೊಂಡ ಹವ್ಯಾಸಿಯಿರಬಹುದು. ಬರೆದದ್ದೆಲ್ಲ ಅಂದವಾಗಿರುತ್ತದೆಂದು ಹೇಳಲಾಗದು. ಕೆಲಸವಂತೂ ಮಾಡುತ್ತದೆ.

ಕೆಲಸ ಮಾಡುತ್ತದೆ, ಆದರೆ ಇನ್ನೂ ಒಪ್ಪವಾಗಿಲ್ಲ ಅನ್ನುವಂಥ ಡ್ರೈವರ್‌ಗಳಿಗೆಂದೇ ಕರ್ನಲ್‌ನಲ್ಲಿ ಸ್ಟೇಜಿಂಗ್ ಎಂಬ ಕೋಣೆಯಿದೆ. ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಅವರ ಮುತುವರ್ಜಿಯಲ್ಲಿ 2008ರ ಕೊನೆಗೆ ಬಂದ 2.6.28ನೇ ಆವೃತ್ತಿಯಲ್ಲಿ ಅದು ಶುರುವಾಯಿತು. ಒಳಬಂದ ಒಂದೊಂದು ಡ್ರೈವರಿನ ಜೊತೆಗೂ ಟೂಡೂ ಎಂಬ ಕಡತವಿರುತ್ತದೆ: ಇದರಲ್ಲಿ ಇಂತಿಂಥದು ಬಾಕಿ, ಮಾಡಿದರೆ ಮುಖ್ಯ ಮನೆಗೆ ಕಳಿಸುತ್ತೇವೆ ಎಂದು. ಆಂಡ್ರಾಯ್ಡ್ ಫೋನಿನ ಆ್ಯಪ್‌ಗಳು ಪರಸ್ಪರ ಮಾತಾಡಲು ಬಳಸುವ ಬೈಂಡರ್ ಕೂಡ ಇಲ್ಲಿ ವರ್ಷಗಟ್ಟಲೆ ಕೂತಿದ್ದದ್ದೇ. ಪ್ರಯೋಗಾಲಯಗಳಲ್ಲಿ ಅಳತೆಯ ದತ್ತಾಂಶ ಹಿಡಿಯುವ ಕಾರ್ಡುಗಳ ಕಾಮೆಡಿ ಎಂಬ ಡ್ರೈವರ್ ಸಮೂಹ ಒಳಬಂದದ್ದು 2009ರಲ್ಲಿ, ಹೊರಬಿದ್ದದ್ದು 2021ರಲ್ಲಿ. ನಡುವಿನ ಆ ಹನ್ನೆರಡು ವರ್ಷಗಳಲ್ಲಿ ಅದರ ಸಾಲುಗಳನ್ನು ತಿದ್ದಿದವರ ಪಟ್ಟಿಯನ್ನು ನಾನೊಮ್ಮೆ ಸುಮ್ಮನೆ ಓದುತ್ತ ಹೋಗಿದ್ದೆ. ಎಷ್ಟೆಷ್ಟು ದೇಶದ ಹೆಸರುಗಳು! ಒಬ್ಬರು ಒಂದು ಬ್ರ್ಯಾಕೆಟ್ ಸರಿಸಿದ್ದಾರೆ, ಇನ್ನೊಬ್ಬರು ಒಂದು ಕಾಗುಣಿತ ತಿದ್ದಿದ್ದಾರೆ, ಮತ್ತೊಬ್ಬರು ಯಾರೂ ಕರೆಯದ ಫಂಕ್ಷನ್ನೊಂದನ್ನು ತೆಗೆದಿದ್ದಾರೆ. ಆ ಪಟ್ಟಿ ಓದುವಾಗ ನನಗೆ ಆದ ಸಂತೋಷವನ್ನು ಮನೆಯವರಿಗೆ ವಿವರಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ. ಅವರಿಗೆ ಕೇಳುವ ತಾಳ್ಮೆಯಿತ್ತು. ನನಗೇ ಮಾತು ಸಾಲಲಿಲ್ಲ.

ಒಂದು ಸಾಲು ಎಷ್ಟು ಉದ್ದವಿರಬೇಕು ಅನ್ನುವುದರ ಮೇಲೆ ನಮ್ಮಲ್ಲಿ ನಡೆದಿರುವಷ್ಟು ಚರ್ಚೆ ಬೇರೆ ಯಾವುದರ ಮೇಲೂ ನಡೆದಿರಲಿಕ್ಕಿಲ್ಲ. ಬಹಳ ಕಾಲ 80 ಅಕ್ಷರ ಎಂಬುದು ಕಟ್ಟುನಿಟ್ಟಾಗಿತ್ತು. ಐಬಿಎಂ ಕಂಪನಿ 1928ರಲ್ಲಿ ತಂದ ತೂತಿನ ಕಾರ್ಡಿನಲ್ಲಿ 80 ಕಂಬಗಳಿದ್ದವು. ಮುಂದೆ ಬಂದ ಟರ್ಮಿನಲ್‌ಗಳ ಪರದೆಯೂ ಅಷ್ಟೇ ಅಗಲವನ್ನು ಉಳಿಸಿಕೊಂಡಿತು. ಕಾರ್ಡನ್ನು ಕಣ್ಣಿನಿಂದಲೂ ನೋಡದ ನಮ್ಮ ಕಾಲದವರು ಆ ಅಗಲದೊಳಗೇ ಬರೆಯುತ್ತ ಬಂದೆವು. 2020ರಲ್ಲಿ ಚೆಕ್‌ಪ್ಯಾಚ್ ಎಂಬ ಪರೀಕ್ಷಕ ಸ್ಕ್ರಿಪ್ಟು ಎಚ್ಚರಿಸುವ ಮಿತಿಯನ್ನು 100ಕ್ಕೆ ಏರಿಸಿದರು. ನನಗೆ ಈಗಲೂ 80ರ ಮೇಲೆಯೇ ಪ್ರೀತಿ. ಕರ್ನಲ್‌ನಲ್ಲಿ ಒಂದು ಟ್ಯಾಬ್ ಅಂದರೆ ಎಂಟು ಅಕ್ಷರದಷ್ಟು ಅಗಲ. ಇಫ್‌ನೊಳಗೆ ಲೂಪು, ಲೂಪಿನೊಳಗೆ ಇನ್ನೊಂದು ಇಫ್, ಅದರೊಳಗೆ ಮತ್ತೊಂದು ಎಂದು ಹೊಕ್ಕರೆ ಸಾಲು ತಾನಾಗಿ ಬಲಗಡೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಆ ಇಕ್ಕಟ್ಟು ಬರೆದವನಿಗೆ ಹೇಳುತ್ತದೆ: ನಿನ್ನ ಫಂಕ್ಷನ್ ವಿಪರೀತ ಹೊತ್ತುಕೊಂಡಿದೆ, ಎರಡು ಮಾಡು. ಸಾಲನ್ನು ಮಧ್ಯದಲ್ಲಿ ಕತ್ತರಿಸಿ ಕೆಳಗಿಳಿಸಿದ ಪ್ಯಾಚ್ ಬಂದಾಗ ನನಗೆ ಸ್ವಲ್ಪ ಬೇಸರವಾಗುವುದು ಅದಕ್ಕೇ. ಇಕ್ಕಟ್ಟು ಹೇಳಿದ ಮಾತನ್ನು ಕೇಳಿಸಿಕೊಳ್ಳದೆ ಅದರ ಬಾಯಿ ಮುಚ್ಚಿಸಿದಂತಾಗುತ್ತದೆ.

ಹಾಸನದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಇದೇ ವಿಷಯ ಹೇಳಿಕೊಡಲು ಹೋಗಿದ್ದೆ. ಮಧ್ಯಾಹ್ನದ ಊಟ ಮುಗಿದಿತ್ತು, ಲ್ಯಾಬಿನ ಫ್ಯಾನು ಕರಕರ ಎನ್ನುತ್ತ ತಿರುಗುತ್ತಿತ್ತು, ಹಿಂದಿನ ಸಾಲಿನ ಹುಡುಗರ ಕಣ್ಣು ಎಳೆಯುತ್ತಿದ್ದವು. ಸ್ಟೇಜಿಂಗ್‌ನ ಒಂದು ಕಡತ ತೆರೆದು, ಇದರಲ್ಲಿ ಒಂದೇ ಒಂದು ಸಂಗತಿ ಸರಿಮಾಡಿ, ಯಾಕೆ ಮಾಡಿದಿರೆಂದು ಬರೆಯಿರಿ, ಕೆಳಗೆ ನಿಮ್ಮ ಹೆಸರು ಹಾಕಿ ಎಂದೆ. ಮುಂದೆ ಕೂತಿದ್ದ ಹುಡುಗಿ ಎದ್ದು ನಿಂತಳು. "ಸರ್, ಬರೀ ಒಂದು ಸ್ಪೇಸ್ ತೆಗೆದದ್ದಕ್ಕೂ ಹೆಸರು ಬರುತ್ತಾ?"

"ಬರುತ್ತಮ್ಮ," ಎಂದೆ. "ಒಮ್ಮೆ ಸೇರಿತು ಅಂದರೆ ತೆಗೆಯೋರು ಯಾರೂ ಇಲ್ಲ."

ಅವಳಿಗೆ ಅದು ನಂಬುವ ಮಾತಾಗಿ ಕಾಣಲಿಲ್ಲ. ಆದರೆ ಅದು ನಿಜ. ಪ್ಯಾಚಿನ ಕೆಳಗೆ ಸೈನ್ಡ್-ಆಫ್-ಬೈ ಎಂದು ಹೆಸರು ಬರೆಯುವ ಪದ್ಧತಿ 2004ರಲ್ಲಿ ಬಂತು. ಇದನ್ನು ಕೊಡುವ ಹಕ್ಕು ನನಗಿದೆ, ಇದರ ಹೊಣೆ ನನ್ನದು ಎಂದು ಕಳಿಸುವವರು ಅಲ್ಲಿ ಒಪ್ಪಿಕೊಳ್ಳುತ್ತಾರೆ. ಸಾವಿರ ಸಾಲಿನ ಹೊಸ ಡ್ರೈವರ್ ಕೊಟ್ಟವರೂ ಅದೇ ಸಾಲನ್ನು ಬರೆಯಬೇಕು, ಸ್ಪೇಸ್ ತೆಗೆದ ಹುಡುಗಿಯೂ ಅದನ್ನೇ ಬರೆಯಬೇಕು. ಅದರಲ್ಲಿ ಮೇಲು ಕೀಳಿಲ್ಲ. ನಾನು ಈ ಕೆಲಸವನ್ನು ಇಷ್ಟಪಡಲು ಇದೊಂದೇ ಕಾರಣ ಸಾಕಿತ್ತು.

ಕೆಲವು ಕ್ಲೀನಪ್‌ಗಳು ನೋಡಿದ ಕೂಡಲೇ ಮನಸ್ಸು ತಣಿಸುತ್ತವೆ. ಪಡೆದುಕೊಂಡ ಮೆಮೊರಿಯನ್ನು ಹಿಂದಿರುಗಿಸುವ ಕೆಫ್ರೀ ಎಂಬ ಫಂಕ್ಷನ್ನಿಗೆ ಶೂನ್ಯ ವಿಳಾಸ ಕೊಟ್ಟರೆ ಅದು ಏನೂ ಮಾಡದೆ ವಾಪಸಾಗುತ್ತದೆ. ಆದರೂ ಎಷ್ಟೋ ಡ್ರೈವರ್‌ಗಳಲ್ಲಿ, ವಿಳಾಸ ಶೂನ್ಯವೋ ಅಲ್ಲವೋ ಎಂದು ಮೊದಲು ಕೇಳಿ ಆಮೇಲೆ ಕೆಫ್ರೀ ಕರೆದಿರುತ್ತಾರೆ. ಆ ಪ್ರಶ್ನೆಯನ್ನು ತೆಗೆದ ಪ್ಯಾಚ್ ಬಂದರೆ ಓದಿ ಮುಗಿಸಲು ಅರೆಗಳಿಗೆ ಸಾಕು. ಇಂಥವನ್ನು ಕರ್ನಲ್ ತುಂಬ ಹುಡುಕಿ ತಿದ್ದಲು ಪ್ಯಾರಿಸ್ಸಿನ ಇನ್ರಿಯಾ ಸಂಸ್ಥೆಯ ಜೂಲಿಯಾ ಲಾವಲ್ ಮತ್ತು ಸಂಗಡಿಗರು ಕಾಕ್ಸಿನೆಲ್ ಎಂಬ ಸಲಕರಣೆಯನ್ನೇ ಕಟ್ಟಿಕೊಟ್ಟಿದ್ದಾರೆ. ಇಂಥ ನಮೂನೆ ಕಂಡರೆ ಹೀಗೆ ಬದಲಿಸು ಎಂದು ಅದಕ್ಕೆ ಒಮ್ಮೆ ಹೇಳಿದರೆ ಸಾವಿರಾರು ಕಡತಗಳಲ್ಲಿ ತಾನೇ ಹೋಗಿ ಹುಡುಕುತ್ತದೆ.

ಜರ್ಮನಿಯ ಯೂವೆ ಕ್ಲೈನ್-ಕ್ಯೋನಿಗ್ ಅವರ ಕೆಲಸವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಒಂದು ಸಾಧನವನ್ನು ಕಳಚುವಾಗ ಕರ್ನಲ್ ಆ ಡ್ರೈವರಿನ ರಿಮೂವ್ ಫಂಕ್ಷನ್ನನ್ನು ಕರೆಯುತ್ತದೆ. ಅದು ಒಂದು ಸಂಖ್ಯೆಯನ್ನು ಹಿಂದಿರುಗಿಸಬೇಕು ಎಂಬ ಏರ್ಪಾಡಿತ್ತು. ಬರೆಯುವವರು ಸಹಜವಾಗಿಯೇ ನಂಬಿದ್ದರು, ತಪ್ಪಿನ ಸಂಖ್ಯೆ ಕೊಟ್ಟರೆ ಕಳಚುವುದು ನಿಲ್ಲುತ್ತದೆ ಎಂದು. ನಿಲ್ಲುತ್ತಿರಲಿಲ್ಲ. ಕರ್ನಲ್ ಆ ಸಂಖ್ಯೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸಾಧನವನ್ನು ಕಳಚಿಯೇಬಿಡುತ್ತಿತ್ತು. ನಡುವೆಯೇ ವಾಪಸಾದ ಡ್ರೈವರ್ ಹಿಡಿದಿಟ್ಟ ಮೆಮೊರಿ ಹಾಗೇ ಸೋರಿಹೋಗುತ್ತಿತ್ತು. ಯೂವೆ ವರ್ಷಗಟ್ಟಲೆ ಕೂತು, ಡ್ರೈವರ್ ಡ್ರೈವರ್‌ಗೂ ಹೋಗಿ, ಆ ಫಂಕ್ಷನ್ ಏನನ್ನೂ ಹಿಂದಿರುಗಿಸದಂತೆ ಬದಲಿಸುತ್ತ ಬಂದರು. ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಎರಡು ಮೂರು ಸಾಲಿನ ಬದಲಾವಣೆ. ಯಾರೂ ಹೊಗಳಿ ಬರೆಯುವಂಥದಲ್ಲ. ನನ್ನ ಎಣಿಕೆಯಲ್ಲಿ ಮಾತ್ರ ಅದು ದೊಡ್ಡ ಕೆಲಸ. ಕೇಳದ ಕಿವಿಗೆ ಹೇಳುತ್ತಿದ್ದೇವೆ ಎಂಬುದನ್ನು ಬರೆಯುವವರಿಗೆ ಮೊದಲೇ ತಿಳಿಸುವ ಕೆಲಸ ಅದು.

ಇನ್ನು ಕೆಲವು ಪ್ಯಾಚ್‌ಗಳು ಅಷ್ಟೇ ಸಣ್ಣವು, ಅಷ್ಟೇ ಮುಗ್ಧವಾಗಿ ಕಾಣುತ್ತವೆ. ನಾನು ಕೈಬೆರಳನ್ನು ಕೀಬೋರ್ಡಿನಿಂದ ಎತ್ತಿ ಕೂರುವುದು ಅವುಗಳ ಮುಂದೆ.

ಒಂದು ಉದಾಹರಣೆ. ಡ್ರೈವರಿನಲ್ಲಿ ರೀಡ್‌ಎಲ್ ಎಂಬ ಕರೆಯಿಂದ ಚಿಪ್ಪಿನ ಒಂದು ರಿಜಿಸ್ಟರನ್ನು ಓದಿ ಒಂದು ಚರದಲ್ಲಿ ಇಟ್ಟಿದ್ದಾರೆ. ಆ ಚರವನ್ನು ಮುಂದೆ ಎಲ್ಲಿಯೂ ಬಳಸಿಲ್ಲ. ಇಟ್ಟ ಬೆಲೆ ಬಳಕೆಯಾಗಿಲ್ಲ ಎಂದು ಕಂಪೈಲರ್ ಗೊಣಗುತ್ತದೆ. ಹೊಸಬರೊಬ್ಬರು ಚರವನ್ನೂ ಓದುವ ಸಾಲನ್ನೂ ಒಟ್ಟಿಗೆ ಅಳಿಸಿ, ಉಪಯೋಗವಿಲ್ಲದ್ದನ್ನು ತೆಗೆದಿದ್ದೇನೆ ಎಂದು ಕಳಿಸುತ್ತಾರೆ. ಕಂಪೈಲ್ ಆಗುತ್ತದೆ. ಚೆಕ್‌ಪ್ಯಾಚ್ ತಕರಾರು ತೆಗೆಯುವುದಿಲ್ಲ. ನೋಡಲು ಎಷ್ಟು ಚೆನ್ನಾಗಿದೆ!

ಆದರೆ ಚಿಪ್ಪಿನ ರಿಜಿಸ್ಟರ್ ಅಂದರೆ ಮೆಮೊರಿಯಲ್ಲ. ಮೆಮೊರಿಯನ್ನು ನೂರು ಸಲ ಓದಿದರೂ ಅದು ಇದ್ದ ಹಾಗೇ ಇರುತ್ತದೆ. ಕೆಲವು ಚಿಪ್ಪುಗಳ ಸ್ಥಿತಿ ರಿಜಿಸ್ಟರ್ ಓದಿದ ಮಾತ್ರಕ್ಕೆ ಬದಲಾಗುತ್ತದೆ: ಇಂಟರಪ್ಟ್ ಎತ್ತಿ ನಿಂತ ಸಾಧನಕ್ಕೆ, ನೀನು ಕರೆದದ್ದು ನನಗೆ ಕೇಳಿಸಿತು ಎಂದು ಉತ್ತರ ಕೊಡುವ ಬಗೆಯೇ ಆ ಓದು. ಓದದಿದ್ದರೆ ಅದು ಕರೆಯುತ್ತಲೇ ಇರುತ್ತದೆ, ಪ್ರೊಸೆಸರ್ ಬೇರೆಲ್ಲ ಕೆಲಸ ಬಿಟ್ಟು ಓಡಿ ಓಡಿ ಬರುತ್ತಲೇ ಇರುತ್ತದೆ. ಇನ್ನೊಂದು ಸಂದರ್ಭ ಇದಕ್ಕಿಂತ ಸೂಕ್ಷ್ಮ. ಪಿಸಿಐ ಬಸ್ಸಿನ ಮೇಲೆ ಕರ್ನಲ್ ಬರೆದದ್ದು ಆ ಕ್ಷಣವೇ ಸಾಧನವನ್ನು ಮುಟ್ಟಬೇಕೆಂದಿಲ್ಲ; ದಾರಿಯ ಬ್ರಿಡ್ಜಿನಲ್ಲಿ ಸ್ವಲ್ಪ ಹೊತ್ತು ತಂಗಿರಬಹುದು. ಬರೆದ ನಂತರ ಅದೇ ಸಾಧನದಿಂದ ಏನನ್ನಾದರೂ ಓದಿದರೆ, ತಂಗಿದ್ದ ಬರಹವೆಲ್ಲ ಮೊದಲು ಗುರಿ ಮುಟ್ಟಿಯೇ ಓದು ಮುಗಿಯಬೇಕು. ಅಲ್ಲಿ ಓದಿದ ಬೆಲೆ ಯಾರಿಗೂ ಬೇಕಿಲ್ಲ. ಓದುವುದೇ ಬೇಕಾದದ್ದು. ಚರವನ್ನು ತೆಗೆಯಿರಿ, ಓದನ್ನು ಉಳಿಸಿ, ಯಾಕೆ ಉಳಿಸಿದಿರೆಂದು ಮೇಲೊಂದು ಸಾಲು ಬರೆಯಿರಿ ಎಂದು ಉತ್ತರ ಬರೆಯುವಾಗಲೆಲ್ಲ ನನಗೆ ಸಾಗರದ ಕಡೆ ನಮ್ಮಜ್ಜನ ಅಡಿಕೆ ತೋಟ ಕಣ್ಣಿಗೆ ಬರುತ್ತದೆ.

ತೋಟದ ಬಸಿಗಾಲುವೆಯಲ್ಲಿ, ಇಳಿಜಾರು ತಿರುಗುವ ಕಡೆ, ಒಂದು ಚಪ್ಪಡಿ ಕಲ್ಲು ಓರೆಯಾಗಿ ಬಿದ್ದುಕೊಂಡಿತ್ತು. ಇಟ್ಟದ್ದೆಂದು ಅನ್ನಿಸುತ್ತಿರಲಿಲ್ಲ, ಬಿದ್ದದ್ದೆಂದೇ ಅನ್ನಿಸಬೇಕು, ಹಾಗಿತ್ತು. ಬೇಸಿಗೆಯಲ್ಲಿ ಕಾಲುವೆ ಹೆರೆಯಲು ಬಂದ ಹೊಸ ಆಳು ಅದನ್ನೆತ್ತಿ ಬದುವಿನ ಮೇಲಿಟ್ಟ. ಕಾಲುವೆ ನೋಡಲು ನೇರವಾಗಿ, ಚೊಕ್ಕಟವಾಗಿ ಕಂಡಿತು. ಆರಿದ್ರಾ ಮಳೆ ಹಿಡಿದ ವಾರದಲ್ಲಿ ಆ ತಿರುವಿನ ಮಣ್ಣು ಕೊಚ್ಚಿಹೋಗಿ ಎರಡು ಮರದ ಬೇರು ಹೊರಬಿದ್ದವು. ನೀರಿನ ರಭಸ ಮುರಿಯಲೆಂದು ಅಜ್ಜ ಯಾವ ಕಾಲದಲ್ಲೋ ಇಟ್ಟ ಕಲ್ಲು ಅದು. ಆಳಿಗೆ ಅಜ್ಜ ಬಯ್ಯಲಿಲ್ಲ. ಕರೆದುಕೊಂಡು ಹೋಗಿ, ಮಳೆಯಲ್ಲೇ ನಿಲ್ಲಿಸಿ, ನೀರು ಎಲ್ಲಿ ಹೊಡೆಯುತ್ತದೆ ನೋಡು ಎಂದು ತೋರಿಸಿದರು. ಆಮೇಲೆ ಇಬ್ಬರೂ ಸೇರಿ ಕಲ್ಲನ್ನು ಇಟ್ಟರು.

ಕಾಯುವ ಸಾಲುಗಳ ಕಥೆಯೂ ಇಂಥದೇ. ಚಿಪ್ಪಿಗೆ ಒಂದು ಆಜ್ಞೆ ಕೊಟ್ಟ ಮೇಲೆ ಅದು ಸುಧಾರಿಸಿಕೊಳ್ಳಲು ಡ್ರೈವರ್ ಕೆಲವು ಮಿಲಿಸೆಕೆಂಡು ಸುಮ್ಮನಿರಬೇಕು. ಎಂಡಿಲೇ ಎಂದರೆ ಪ್ರೊಸೆಸರ್ ಇದ್ದಲ್ಲೇ ಸುತ್ತುತ್ತ ಕಾಲ ಕಳೆಯುತ್ತದೆ; ಎಂಸ್ಲೀಪ್ ಎಂದರೆ ನಿದ್ದೆಗೆ ಜಾರಿ ಬೇರೆಯವರಿಗೆ ಜಾಗ ಬಿಡುತ್ತದೆ. ಎರಡನೆಯದು ಒಳ್ಳೆಯದೆಂದು ಯಾರಿಗಾದರೂ ಅನ್ನಿಸುತ್ತದೆ, ಬಹಳ ಸಲ ಒಳ್ಳೆಯದೂ ಹೌದು. ಆದರೆ ಸ್ಪಿನ್‌ಲಾಕ್ ಎಂಬ ಬೀಗ ಹಿಡಿದುಕೊಂಡು ನಿದ್ದೆ ಮಾಡುವಂತಿಲ್ಲ. ಟೈಮರ್ ಕರೆದ ಫಂಕ್ಷನ್ನಿನಲ್ಲೂ ಮಾಡುವಂತಿಲ್ಲ. ಬದಲಾದ ಸಾಲಿನ ಸುತ್ತಮುತ್ತ ಲಾಕ್ ಕಾಣದಿರಬಹುದು. ಅದನ್ನು ಕರೆದವರು, ಅವರನ್ನು ಕರೆದವರು, ಎಲ್ಲೋ ಮೂರು ಕಡತ ಆಚೆ ಹಿಡಿದಿರುತ್ತಾರೆ. ಆದ್ದರಿಂದ ಒಂದು ಪದ ಬದಲಾದ ಪ್ಯಾಚನ್ನು ಓದಲು ನಾನು ಕರೆಯ ಸರಪಳಿಯನ್ನು ಹಿಡಿದು ಮೇಲೆ ಮೇಲೆ ಹತ್ತುತ್ತೇನೆ. ಕೆಲವು ದಿನ ಇದರಲ್ಲೇ ಬೆಳಗು ಕಳೆಯುತ್ತದೆ, ಕಾಫಿ ಆರಿರುತ್ತದೆ. ನನಗದು ವ್ಯರ್ಥವಾಯಿತೆಂದು ಯಾವತ್ತೂ ಅನ್ನಿಸಿಲ್ಲ. ಯಾರೋ ಬರೆದಿಟ್ಟ ಇಷ್ಟು ದೊಡ್ಡ ಮನೆಯ ಒಂದು ಮೂಲೆ, ಆ ಒಂದು ಪದದ ನೆವದಲ್ಲಿ, ನನಗೆ ಪರಿಚಯವಾಗಿರುತ್ತದೆ.

ಕಾಗುಣಿತವನ್ನು ಕೂಡ ನಂಬಿ ತಿದ್ದುವಂತಿಲ್ಲ. ಕಾಮೆಂಟಿನಲ್ಲಿ ತಪ್ಪಿದ್ದರೆ ಸಂತೋಷವಾಗಿ ತಿದ್ದಿ. ಹೊರಗಿನ ಪ್ರೋಗ್ರಾಂಗಳು ಓದುವ ಕಡತದ ಹೆಸರಿನಲ್ಲಿ ತಪ್ಪಿದ್ದರೆ ಅದು ತಪ್ಪಾಗಿಯೇ ಇರಬೇಕು, ಯಾಕೆಂದರೆ ಯಾರದೋ ಪ್ರೋಗ್ರಾಂ ಆ ತಪ್ಪು ಹೆಸರನ್ನೇ ಹುಡುಕಿಕೊಂಡು ಬರುತ್ತದೆ.

2021ರ ಏಪ್ರಿಲ್ ತಿಂಗಳು ಈ ಕೆಲಸ ಮಾಡುವ ನಮಗೆಲ್ಲ ನೋವು ತಂದ ತಿಂಗಳು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು, ಸಣ್ಣ ತಿದ್ದುಪಡಿಯಂತೆ ಕಾಣುವ ಪ್ಯಾಚಿನೊಳಗೆ ಬೇಕೆಂದೇ ದೋಷವಿಟ್ಟರೆ ಪರಿಶೀಲಿಸುವವರಿಗೆ ಗೊತ್ತಾಗುತ್ತದೆಯೇ ಎಂದು ನೋಡಲು, ಹೇಳದೆ ಕೇಳದೆ ಅಂಥವನ್ನು ಕಳಿಸಿದ್ದರು. ಗ್ರೆಗ್ ಆ ವಿಶ್ವವಿದ್ಯಾಲಯದಿಂದ ಬರುವುದನ್ನೆಲ್ಲ ತಡೆದರು. ಹಿಂದೆ ಬಂದು ಸೇರಿದ್ದನ್ನೆಲ್ಲ ಮತ್ತೆ ಕೂತು ಓದುವ ಕೆಲಸ ಹಲವರ ಮೇಲೆ ಬಿತ್ತು. ಓದಿ ನೋಡಿದಾಗ ಅವುಗಳಲ್ಲಿ ಬಹುಪಾಲು ಸರಿಯಾಗಿಯೇ ಇದ್ದವು. ಆ ಸಂಶೋಧನೆಯ ಪ್ರಶ್ನೆ ತಪ್ಪೆಂದು ನಾನು ಹೇಳುವುದಿಲ್ಲ. ನಂಬಿಕೆಯಿಂದ ತಮ್ಮ ಬಿಡುವಿನ ಹೊತ್ತನ್ನು ಕೊಡುವವರ ಮೇಲೆ ಅದನ್ನು ಪ್ರಯೋಗಿಸಿದ್ದು ತಪ್ಪು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆಮೇಲೆ ಕೆಲವು ಸ್ನೇಹಿತರು, ಇನ್ನು ಅಪರಿಚಿತರ ಪ್ಯಾಚ್‌ಗಳನ್ನು ಅನುಮಾನದಿಂದಲೇ ನೋಡಬೇಕು ಎನ್ನತೊಡಗಿದರು. ನನಗೆ ಹಾಗನ್ನಿಸಲಿಲ್ಲ. ಸಾಲನ್ನು ಅನುಮಾನದಿಂದ ನೋಡೋಣ, ಕಳಿಸಿದವರನ್ನು ಬೇಡ. ಬ್ರ್ಯಾಕೆಟ್ ಸರಿಸಿ ಕಳಿಸಿದ ಹುಡುಗ ಎಲ್ಲಿಯೋ ಒಂದು ಹಾಸ್ಟೆಲಿನ ಕೋಣೆಯಲ್ಲಿ ಉತ್ತರಕ್ಕಾಗಿ ಮತ್ತೆ ಮತ್ತೆ ಇನ್‌ಬಾಕ್ಸ್ ನೋಡುತ್ತಿರುತ್ತಾನೆ. ಅವನಿಗೆ ಬರೆಯುವ ಮೊದಲ ಸಾಲು ಹೇಗಿರಬೇಕೆಂದು ನಾನು ಯೋಚಿಸುವಷ್ಟು ಹೊತ್ತು ಕೆಲವೊಮ್ಮೆ ಪ್ಯಾಚನ್ನು ಓದಲೂ ಹಿಡಿಯುವುದಿಲ್ಲ.

ಹಾಸನದ ಆ ಹುಡುಗಿ ಮೊದಲು ಕಳಿಸಿದ್ದು ನಿಜವಾಗಿಯೂ ಸ್ಪೇಸ್ ತೆಗೆದ ಪ್ಯಾಚ್. ಅದು ಸೇರಿತು. ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೂ ಬಿಡಲಿಲ್ಲ. ಮೊನ್ನೆ ಅವಳಿಂದ ಬಂದದ್ದು ಹಳೆಯ ಯುಎಸ್‌ಬಿ ವೈಫೈ ಡಾಂಗಲ್‌ನ ಡ್ರೈವರಿಗೆ: ನಾಲ್ಕು ಕಡೆ ಇದ್ದ ಎಂಡಿಲೇಯನ್ನು ಎಂಸ್ಲೀಪ್ ಮಾಡಿದ್ದಳು. ಈ ಫಂಕ್ಷನ್ನುಗಳನ್ನು ಯಾರು ಯಾರು ಕರೆಯುತ್ತಾರೆ ಎಂದು ನೋಡಿದಿರಾ, ಸಾಧನ ನಿಮ್ಮ ಬಳಿ ಇದೆಯೇ ಎಂದು ಕೇಳಿ ಬರೆದೆ. ಕೆಲವು ದಿನ ಸುದ್ದಿಯಿಲ್ಲ. ಬೇಸರ ಮಾಡಿಕೊಂಡಳೇನೋ ಅಂದುಕೊಂಡೆ.

ಆಮೇಲೆ ಎರಡನೆಯ ಆವೃತ್ತಿ ಬಂತು. ನಾಲ್ಕು ಬದಲಾವಣೆ ಮೂರಾಗಿತ್ತು. ಆ ಮೂರೂ ಸಾಧನವನ್ನು ಸಿಕ್ಕಿಸಿದಾಗ ಮಾತ್ರ ನಡೆಯುವ ದಾರಿಯಲ್ಲಿವೆ, ಅಲ್ಲಿ ನಿದ್ದೆ ಮಾಡಬಹುದು. ನಾಲ್ಕನೆಯದನ್ನು ಟೈಮರ್ ಕೂಡ ಕರೆಯುತ್ತದೆ, ಅದಕ್ಕೇ ಬಿಟ್ಟಿದ್ದೇನೆ ಎಂದು ಕರೆಯ ಸರಪಳಿಯನ್ನು ಒಂದೊಂದೇ ಹೆಸರಿನಲ್ಲಿ ಬಿಡಿಸಿ ಬರೆದಿದ್ದಳು. ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಅಲೆದು ಆ ಡಾಂಗಲನ್ನು ಹುಡುಕಿ ಕೊಂಡಿದ್ದಳು, ಸಿಕ್ಕಿಸಿ ಕಿತ್ತು ಸಿಕ್ಕಿಸಿ ಕಿತ್ತು ನೋಡಿದ್ದಳು. ಅದನ್ನೂ ಬರೆದಿದ್ದಳು. ನಾನು ಎದ್ದು ಬಿಸಿ ಕಾಫಿ ಬೆರೆಸಿಕೊಂಡು ಬಂದು ಮತ್ತೊಮ್ಮೆ ಓದಿದೆ.

ತಕರಾರು ಒಂದೇ ಉಳಿದಿತ್ತು. ಪ್ಯಾಚಿನಲ್ಲಿ ವಿವರಣೆಯ ಕೆಳಗೆ ಮೂರು ಅಡ್ಡಗೆರೆ ಬರುತ್ತವೆ. ಗೆರೆಯ ಮೇಲೆ ಬರೆದದ್ದು ಕರ್ನಲ್‌ನ ಇತಿಹಾಸಕ್ಕೆ ಸೇರುತ್ತದೆ. ಕೆಳಗೆ ಬರೆದದ್ದು ಪ್ಯಾಚನ್ನು ಸೇರಿಸಿಕೊಳ್ಳುವಾಗ ಉದುರಿಹೋಗುತ್ತದೆ. ಅವಳು ಮೇಲೆ ಒಂದೇ ಸಾಲು ಬರೆದು, ಸರಪಳಿಯ ವಿವರ, ಟೈಮರಿನ ಮಾತು, ಡಾಂಗಲಿನ ಪರೀಕ್ಷೆ ಎಲ್ಲವನ್ನೂ ಸಂಕೋಚದಿಂದ ಕೆಳಗಿಟ್ಟಿದ್ದಳು. ಕೋಡಿನಲ್ಲಿ ಏನೂ ಬದಲಿಸಬೇಕಿಲ್ಲ, ಆ ಬರಹವನ್ನೆಲ್ಲ ದಯವಿಟ್ಟು ಗೆರೆಯ ಮೇಲಕ್ಕೆ ತಂದು ಮೂರನೆಯ ಆವೃತ್ತಿ ಕಳಿಸಿ, ಓದಿ ಒಪ್ಪಿದ್ದೇನೆಂಬ ನನ್ನ ರಿವ್ಯೂಡ್-ಬೈ ಸೇರಿಸಿಕೊಳ್ಳಿ ಎಂದು ಬರೆದೆ. ನಾಲ್ಕನೆಯ ಎಂಡಿಲೇಯನ್ನು ಟೈಮರಿನಿಂದ, ನಿದ್ದೆಗೆ ಅವಕಾಶವಿರುವ ವರ್ಕ್‌ಕ್ಯೂಗೆ ಸಾಗಿಸಿ ಸರಿಮಾಡಬಹುದು, ಅದು ಬೇರೆಯೇ ಪ್ಯಾಚ್ ಆಗಬೇಕು ಎಂದೂ ಸೇರಿಸಿದೆ. ಅದನ್ನು ಆಗಲೇ ಶುರುಮಾಡಿದ್ದೇನೆ ಸರ್ ಎಂದು ಉತ್ತರ ಬಂದಿದೆ.